ತಾರ್ಲೆ ಮುಳ್ಳು, ಅಟ್ಟದ ಮೇಲಿನ ವೀಲ್‌ಚೇರ್: ಮನೆಯೊಳಗೆ ಯಾರ ಮಾತು ನಡೆಯಬೇಕು?

ಅಂಕೋಲಾದಲ್ಲಿರುವ ನಮ್ಮ ಅತ್ತೆಗೆ ಈಗ ಎಪ್ಪತ್ತೆರಡು ವರ್ಷ. ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿ ಆರು ವರ್ಷ ಆಯಿತು. ಬೆಳಕು ಯಾವುದು, ನೆರಳು ಯಾವುದು, ಅಷ್ಟು ಗೊತ್ತಾಗುತ್ತದೆ. ಕಣ್ಣು ಹೋದ ಮೊದಲ ವಾರದಲ್ಲೇ ಮನೆಯವರು ಒಂದು ತೀರ್ಮಾನ ಮಾಡಿಬಿಟ್ಟರು. ಅವರಿಗೆ ಇನ್ನು ಮುಳ್ಳಿನ ಮೀನು ಬೇಡ. ತಾರ್ಲೆ ಅವರ ತಟ್ಟೆಗೆ ಬರುವುದು ನಿಂತಿತು. ಬಂಗಡೆಯನ್ನು ಸೊಸೆ ಬಿಡಿಸಿ, ಮುಳ್ಳು ತೆಗೆದು, ಅನ್ನದ ಪಕ್ಕ ಪುಡಿ ಪುಡಿಯಾಗಿ ಇಡತೊಡಗಿದಳು. ಅತ್ತೆಯನ್ನು ಯಾರೂ ಒಂದು ಮಾತು ಕೇಳಲಿಲ್ಲ. ನಾನೂ ಕೇಳಲಿಲ್ಲ.

ಕಳೆದ ವರ್ಷ ಹೋದಾಗ ಒಳಗೆ ತಾರ್ಲೆ ಹುರಿಯುತ್ತಿದ್ದರು. ಅತ್ತೆ ಮೂಗು ಎತ್ತಿ ವಾಸನೆ ಎಳೆದುಕೊಂಡರು. ಆಮೇಲೆ ನನ್ನ ಕೈ ಹಿಡಿದು ಮೆತ್ತಗೆ ಹೇಳಿದರು: "ತಂಗೀ, ಮುಳ್ಳು ನಾಲಿಗೆಗೆ ಸಿಗೂದು, ಕಣ್ಣಿಗಲ್ಲ. ಚಿಮಣಿ ಬೆಳಕಲ್ಲಿ ಉಂಡು ದೊಡ್ಡಾದವರು ನಾವು. ಆಗ ಯಾರಿಗೆ ಮುಳ್ಳು ಕಾಣ್ತಿತ್ತು?"

ಮೀನಿನ ಮಾತಾದ್ದರಿಂದ ಸಣ್ಣ ವಿಷಯ ಅನ್ನಿಸಬಹುದು. ಅವತ್ತು ನಾನು ಅತ್ತೆಯ ದಿನವನ್ನು ಬೆಳಗಿನಿಂದ ರಾತ್ರಿವರೆಗೆ ನೋಡುತ್ತಾ ಕೂತೆ. ಏಳುವ ಹೊತ್ತು, ಸ್ನಾನದ ಹೊತ್ತು, ಉಡುವ ಬಟ್ಟೆ (ಸೀರೆ ಕಾಲಿಗೆ ತೊಡರುತ್ತದೆ ಅಂತ ಈಗ ನೈಟಿ ಮಾತ್ರ), ಯಾರ ಮನೆ ಮದುವೆಗೆ ಹೋಗಬೇಕು, ಬ್ಯಾಂಕಿನ ಪಾಸ್‌ಬುಕ್ ಯಾವ ಕಪಾಟಿನಲ್ಲಿ ಇರಬೇಕು. ಇದರಲ್ಲಿ ಒಂದೂ ಅವರ ಕೈಯಲ್ಲಿಲ್ಲ. 2024ರ ಮೇ 7ರಂದು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಲೋಕಸಭೆಗೆ ಮತದಾನ ಆಯಿತಲ್ಲ, ಆಗ 85 ದಾಟಿದವರಿಗೂ ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿಗೂ ಮನೆಯಿಂದಲೇ ಮತ ಹಾಕುವ ಅವಕಾಶ ಇತ್ತು. ಬಹಳ ಒಳ್ಳೆಯ ಸೌಲಭ್ಯ. ಬೇಕು ಅಂದವರು ಅರ್ಜಿ ಕೊಡಬೇಕಿತ್ತು. ಅತ್ತೆಯ ಅರ್ಜಿಯನ್ನು ಮಗ ತುಂಬಿಸಿದ. ಅತ್ತೆಗೆ ಮಾತ್ರ ಬೂತಿಗೇ ಹೋಗಬೇಕಿತ್ತು. ಸಾಲಿನಲ್ಲಿ ಹಳೆಯ ಗೆಳತಿಯರು ಸಿಗುತ್ತಾರೆ, ಒಂದಷ್ಟು ಮಾತಾಡಬಹುದು ಅಂತ ಆಸೆ.

ಆ ಮನೆಯಲ್ಲಿ ಯಾರೂ ಕೆಟ್ಟವರಲ್ಲ. ಅತ್ತೆಯನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳುತ್ತಾರೆ. ಬಿದ್ದರೆ, ಗಂಟಲಿಗೆ ಸಿಕ್ಕಿಕೊಂಡರೆ, ಕಾಲು ಮುರಿದರೆ ಎಂಬ ಹೆದರಿಕೆ ಅವರಿಗೆ. ಇಷ್ಟು ಪ್ರೀತಿ ಇರುವ ಮನೆಯಲ್ಲೇ ಹೀಗೆ. ಅದಕ್ಕೇ ಈ ವಿಷಯ ಎತ್ತುವುದು ಕಷ್ಟ. ಅದಕ್ಕೇ ಎತ್ತಲೂಬೇಕು.

ಅಂಗವಿಕಲರ ಹಕ್ಕು ಅಂದ ಕೂಡಲೇ ನಮಗೆ ನೆನಪಾಗುವುದು ಬಸ್ ಪಾಸು, ಮಾಸಾಶನ, ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ), ಕಚೇರಿ ಮುಂದಿನ ರ‍್ಯಾಂಪು. ಎಲ್ಲವೂ ಬೇಕಾದವೇ. ಆದರೆ ಎಲ್ಲವೂ ಹೊಸ್ತಿಲಿನ ಆಚೆಯವು. 2011ರ ಜನಗಣತಿ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದಾರೆ. ಅವರಲ್ಲಿ ಶೇ 69ರಷ್ಟು ಜನ ಹಳ್ಳಿಯವರು. ಕರ್ನಾಟಕದಲ್ಲೇ 13 ಲಕ್ಷಕ್ಕೂ ಜಾಸ್ತಿ. ನಮ್ಮ ಜಿಲ್ಲೆಯ ಮನೆಗಳನ್ನು ನೋಡಿ. ಒಂದು ತೋಟದಾಚೆ, ಒಂದು ಹಳ್ಳದಾಚೆ, ಒಂದು ಗುಡ್ಡದ ಬುಡದಲ್ಲಿ. ಅಲ್ಲಿರುವ ಅಂಗವಿಕಲರೊಬ್ಬರು ವರ್ಷಕ್ಕೆ ಎಷ್ಟು ಸಲ ಬಸ್ ಹತ್ತಿಯಾರು? ಉಳಿದ ದಿನವೆಲ್ಲ ಮನೆಯೊಳಗೇ. ಅಲ್ಲಿ ಅವರ ಮಾತಿಗೆ ಬೆಲೆ ಇಲ್ಲದಿದ್ದರೆ ಹೊರಗಿನ ರ‍್ಯಾಂಪಿನಿಂದ ಅವರಿಗೆ ಬಂದದ್ದೇನು?

ಕಾನೂನು ಹೊಸ್ತಿಲು ದಾಟಿ ಒಳಗೆ ಬರುತ್ತದಾ? ಬರುತ್ತದೆ. ಇದು ಬಹಳ ಜನರಿಗೆ ಗೊತ್ತಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. 1995ರ ಹಳೆಯ ಕಾಯ್ದೆ 7 ಬಗೆಯ ಅಂಗವೈಕಲ್ಯವನ್ನು ಲೆಕ್ಕಕ್ಕೆ ತೆಗೆದುಕೊಂಡಿತ್ತು, ಇದು 21 ಬಗೆಯನ್ನು ತೆಗೆದುಕೊಳ್ಳುತ್ತದೆ. ಸುದ್ದಿಯಾದದ್ದು ಈ ಪಟ್ಟಿ. ನನಗೆ ಮುಖ್ಯ ಅನ್ನಿಸುವುದು ಅದರ 5ನೇ ಸೆಕ್ಷನ್. ಅಂಗವಿಕಲರಿಗೆ ಎಲ್ಲರ ನಡುವೆ ಬದುಕುವ ಹಕ್ಕಿದೆ ಎನ್ನುತ್ತದೆ ಅದು. ಇಂಥ ಕಡೆಯೇ, ಇಂಥ ವ್ಯವಸ್ಥೆಯಲ್ಲೇ ಇರಬೇಕು ಅಂತ ಅವರ ಮೇಲೆ ಹೇರದಂತೆ ಸರ್ಕಾರ ನೋಡಿಕೊಳ್ಳಲು ಪ್ರಯತ್ನಿಸಬೇಕು, ಮನೆಯಲ್ಲೇ ಸಿಗುವ ನೆರವು, ಸಹಾಯಕರ ಸೇವೆ ಸಿಗುವಂತೆ ಮಾಡಲು ಪ್ರಯತ್ನಿಸಬೇಕು ಎನ್ನುತ್ತದೆ. ಇದರ ಬೇರು ಅಂಗವಿಕಲರ ಹಕ್ಕುಗಳ ಬಗೆಗಿನ ವಿಶ್ವಸಂಸ್ಥೆಯ ಒಡಂಬಡಿಕೆಯಲ್ಲಿದೆ. ಭಾರತ ಅದನ್ನು 2007ರಲ್ಲಿ ಒಪ್ಪಿ ಸಹಿ ಹಾಕಿದೆ. ಅದರ 19ನೇ ವಿಧಿ ಇನ್ನೂ ನೇರ: ಎಲ್ಲಿ ಇರಬೇಕು, ಯಾರ ಜೊತೆ ಇರಬೇಕು ಎಂಬುದನ್ನು ಉಳಿದವರ ಹಾಗೇ ಅಂಗವಿಕಲರೂ ಆರಿಸಿಕೊಳ್ಳಬೇಕು.

ನಮ್ಮ ಕಾಯ್ದೆಯಲ್ಲಿ "ಪ್ರಯತ್ನಿಸಬೇಕು" ಎಂಬ ಮಾತಿದೆಯಲ್ಲ, ಗಂಟು ಇರುವುದು ಅಲ್ಲೇ. ಪ್ರಯತ್ನ ಪಟ್ಟೆವು ಅಂತ ಹೇಳಿ ಯಾವ ಸರ್ಕಾರವೂ ಕೈ ತೊಳೆದುಕೊಳ್ಳಬಹುದು.

ಅಮೆರಿಕದಲ್ಲಿ 2014ರಲ್ಲಿ ಒಂದು ನಿಯಮ ಬಂತು. ಸರ್ಕಾರದ ದುಡ್ಡಿನಿಂದ ಆರೈಕೆ ಪಡೆಯುತ್ತಾ, ಆರೈಕೆ ಸಂಸ್ಥೆಯೇ ನಡೆಸುವ ಮನೆಗಳಲ್ಲಿ ಇರುವ ಅಂಗವಿಕಲರಿಗೆ ಸಂಬಂಧಿಸಿದ್ದು. ಅದರಲ್ಲಿರುವ ಮಾತುಗಳು ಎಷ್ಟು ಮನೆಮಟ್ಟದವು ನೋಡಿ. ಕೋಣೆಯ ಬಾಗಿಲಿಗೆ ಅವರೇ ಹಾಕಿಕೊಳ್ಳಬಹುದಾದ ಬೀಗ ಇರಬೇಕು. ಯಾವ ಹೊತ್ತಿಗೆ ಬೇಕಾದರೂ ತಿನ್ನಲು ಸಿಗಬೇಕು. ಯಾವಾಗ ಬೇಕಾದರೂ ನೆಂಟರು, ಗೆಳೆಯರು ಬರಬಹುದು. ಕೋಣೆಯನ್ನು ಯಾರ ಜೊತೆ ಹಂಚಿಕೊಳ್ಳಬೇಕು, ದಿನ ಹೇಗೆ ಕಳೆಯಬೇಕು ಎಂಬುದನ್ನು ಅವರೇ ಆರಿಸಬೇಕು. ಇವುಗಳಲ್ಲಿ ಯಾವುದನ್ನಾದರೂ ಮೊಟಕು ಮಾಡಬೇಕಾದರೆ ಸುಮ್ನೆ ಮಾಡುವ ಹಾಗಿಲ್ಲ. ಈ ವ್ಯಕ್ತಿಗೆ ಇಂಥ ತೊಂದರೆ ಇದೆ, ಇದಕ್ಕಿಂತ ಹಗುರವಾದ ಬೇರೆ ದಾರಿ ಮಾಡಿ ನೋಡಿದೆವು, ಅದು ಸಾಲಲಿಲ್ಲ, ಈ ನಿರ್ಬಂಧ ಇಷ್ಟು ದಿನ ಮಾತ್ರ ಅಂತ ಬರೆದಿಡಬೇಕು. ಆ ವ್ಯಕ್ತಿಯ ಒಪ್ಪಿಗೆಯೂ ಬೇಕು.

ಅದು ಸಂಸ್ಥೆಗಳ ನಿಯಮ. ನಮ್ಮ ಮನೆಗಳಲ್ಲಿ ಯಾರೂ ಬರೆದಿಡಬೇಕಿಲ್ಲ. ಆದರೆ ಆ ಮೂರು ಪ್ರಶ್ನೆಗಳನ್ನು ನಾನು ಮನೆಗೆ ತಂದುಕೊಂಡೆ. ಯಾಕೆ ಬೇಡ? ಬೇರೆ ಏನು ಮಾಡಿ ನೋಡಿದೆವು? ಎಲ್ಲಿಯವರೆಗೆ? ಅತ್ತೆಯ ತಾರ್ಲೆಗೆ ಇವನ್ನು ಹಾಕಿ ನೋಡಿದಾಗ ಸೊಸೆಯ ಬಳಿ ಉತ್ತರ ಇರಲಿಲ್ಲ, ನನ್ನ ಬಳಿಯೂ ಇರಲಿಲ್ಲ. ಯಾರ ಗಂಟಲಿಗೂ ಏನೂ ಆಗಿರಲಿಲ್ಲ. ಪಕ್ಕದಲ್ಲಿ ಕೂತು ಒಂದು ಸಲ ತಿನ್ನಲು ಕೊಟ್ಟು ನೋಡಿರಲಿಲ್ಲ. ಇದು ಸಾಯುವವರೆಗೆ ಅಂತ ಯಾರೂ ಹೇಳಿರಲಿಲ್ಲ, ಆದರೆ ಹಾಗೇ ಆಗಿಹೋಗಿತ್ತು.

ಈಗ ಘಟ್ಟ ಹತ್ತೋಣ.

ಶಿರಸಿ ತಾಲೂಕಿನ ಒಂದು ಹಳ್ಳಿಯಲ್ಲಿ ನನಗೆ ಪರಿಚಯದ ಕೊನೆಗೌಡರೊಬ್ಬರಿದ್ದಾರೆ. ಅಡಿಕೆ ಮರ ಹತ್ತುವವರು ಅವರು, ಹತ್ತುತ್ತಿದ್ದವರು ಅನ್ನಬೇಕು. ಒಂಬತ್ತು ವರ್ಷದ ಹಿಂದೆ, ಮಳೆಗಾಲದಲ್ಲಿ ಕೊಳೆ ರೋಗದ ಔಷಧಿ ಹೊಡೆಯಲು ಹತ್ತಿದಾಗ ಜಾರಿ ಬಿದ್ದರು. ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದ ಕೆಳಗೆ ಸ್ಪರ್ಶ ಇಲ್ಲ. ನಮ್ಮ ಕಡೆ ಇಂಥವರು ಒಬ್ಬಿಬ್ಬರಲ್ಲ. ಅಡಿಕೆ ಬೆಳೆಯುವ ಊರುಗಳಲ್ಲಿ ಯಾರನ್ನು ಕೇಳಿದರೂ ಒಂದು ಹೆಸರು ಹೇಳುತ್ತಾರೆ.

ಅವರಿಗೊಂದು ವೀಲ್‌ಚೇರ್ ಸಿಕ್ಕಿದೆ. ಅದು ಅಟ್ಟದ ಮೇಲಿದೆ. ಜಗಲಿ ಸಣ್ಣದು, ಮಳೆಗಾಲದಲ್ಲಿ ಅಲ್ಲಿ ಸೌದೆ ಒಟ್ಟುತ್ತಾರೆ. ಹೇಗೂ ಹೊರಗೆ ಹೋಗುವುದಿಲ್ಲವಲ್ಲ ಅಂತ ಯಾರೋ ಮಡಚಿ ಮೇಲಿಟ್ಟರು. ಆಸ್ಪತ್ರೆಗೆ ಹೋಗುವ ದಿನ ಮಾತ್ರ ಇಳಿಸುತ್ತಾರೆ. ಉಳಿದ ದಿನ ಅವರು ಮಂಚದ ಮೇಲೆ, ಮಂಚದಿಂದ ಕೆಳಗೆ ಚಾಪೆಯ ಮೇಲೆ. ಇನ್ನೊಂದು ಮಾತನ್ನು ಅವರು ತಡವಾಗಿ ಹೇಳಿದರು. ಸಂಜೆ ಆರರ ಮೇಲೆ ನೀರು ಕುಡಿಯುವುದಿಲ್ಲ. ರಾತ್ರಿ ಒದ್ದೆಯಾದರೆ ಹೆಂಡತಿ ಏಳಬೇಕು. ಮೊದಮೊದಲು ಮನೆಯವರು ಕೊಡುತ್ತಿರಲಿಲ್ಲ. ಈಗ ಅವರೇ ಕೇಳುವುದಿಲ್ಲ. ಬೆನ್ನುಹುರಿಗೆ ಪೆಟ್ಟಾದವರು ನೀರು ಕಡಿಮೆ ಕುಡಿದರೆ ಮೂತ್ರದ ಸೋಂಕು ಬರುವ ಅಪಾಯ ಜಾಸ್ತಿ, ಅದು ಕಿಡ್ನಿಯವರೆಗೂ ಹೋಗಬಹುದು.

2016ರ ಕಾಯ್ದೆಯ 92ನೇ ಸೆಕ್ಷನ್‌ನಲ್ಲಿ ಈ ಎರಡೂ ಇವೆ. ಅಂಗವಿಕಲರು ಬಳಸುವ ಸಾಧನವನ್ನು ಬೇಕೆಂದೇ ಹಾಳು ಮಾಡುವುದು, ಬಳಸದಂತೆ ಅಡ್ಡಿ ಮಾಡುವುದು ಅಪರಾಧ. ತಮ್ಮ ಆಶ್ರಯದಲ್ಲಿರುವ ಅಂಗವಿಕಲರಿಗೆ ಗೊತ್ತಿದ್ದೂ ಅನ್ನ, ನೀರು ಕೊಡದಿರುವುದು ಅಪರಾಧ. 6 ತಿಂಗಳಿಂದ 5 ವರ್ಷದವರೆಗೆ ಜೈಲು, ಜೊತೆಗೆ ದಂಡ. ಆ ಮನೆಗೆ ಪೊಲೀಸರು ಹೋಗಬೇಕು ಅಂತ ನಾನು ಇದನ್ನು ಹೇಳುತ್ತಿಲ್ಲ. ಹೋದರೆ ಆ ಸಂಸಾರ ಒಡೆದುಹೋಗುತ್ತದೆ, ಅವರಿಗೆ ಇರುವ ಎರಡು ಕೈಗಳೂ ಇಲ್ಲವಾಗುತ್ತವೆ. ನಾವು ಅನುಕೂಲ ಅಂದುಕೊಂಡು ಮಾಡುವ ಕೆಲಸಕ್ಕೆ ಕಾನೂನು ಯಾವ ತೂಕ ಕೊಟ್ಟಿದೆ ಎಂಬುದು ಗೊತ್ತಿರಲಿ ಅಂತ ಹೇಳಿದೆ.

ಅವರಿಗಿರುವ ದೊಡ್ಡ ಆಸೆ ಸಂಜೆ ಸ್ನಾನ. ಮೂವತ್ತು ವರ್ಷ ಮರ ಹತ್ತಿ ಇಳಿದು, ಸಂಜೆ ಹಂಡೆಯ ಬಿಸಿನೀರಲ್ಲಿ ಮಿಂದವರು. ಈಗ ಅವರ ಸ್ನಾನ ಬೆಳಿಗ್ಗೆ ಆರೂಕಾಲಿಗೆ. ಹೆಂಡತಿ ಎಂಟೂವರೆಗೆ ತೋಟದ ಕೂಲಿಗೆ ಹೋಗಬೇಕು. ಸಂಜೆ ಬಂದ ಮೇಲೆ ದನ, ಅಡುಗೆ, ನೀರು. ನಾನು ಈ ಮಾತು ಎತ್ತಿದಾಗ ಹೆಂಡತಿ ಹೇಳಿದ್ದು ಇಷ್ಟು: "ಅವ್ರ ಆಸೆ ನಂಗೆ ಗೊತ್ತಿಲ್ವಾ ಅಕ್ಕಾ? ನಂಗೂ ಇರೋದು ಎರಡೇ ಕೈ."

ಈ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಮನೆಯೊಳಗಿನ ಹಕ್ಕಿನ ಬಗ್ಗೆ ಮಾತಾಡುವವರು ಇಲ್ಲಿ ನಿಲ್ಲಲೇಬೇಕು. ಅಂಗವಿಕಲರ ಆಯ್ಕೆಗೆ ಹೊಣೆ ಯಾರು? ಹೆಂಡತಿ, ತಾಯಿ, ಸೊಸೆ, ಮದುವೆಯಾಗದೆ ಉಳಿದ ಅಕ್ಕ. ಹೆಚ್ಚಿನ ಮನೆಗಳಲ್ಲಿ ಹೆಂಗಸರೇ, ಸಂಬಳ ಇಲ್ಲದೆ, ರಜೆ ಇಲ್ಲದೆ. ಅವರ ಹೆಗಲ ಮೇಲೇ ಇನ್ನೊಂದಷ್ಟು ಹೊರೆ ಹಾಕಿ "ಅವರ ಆಯ್ಕೆಗೆ ಗೌರವ ಕೊಡಿ" ಅನ್ನುವುದು ನ್ಯಾಯವಲ್ಲ. ಸಂಜೆ ಸ್ನಾನ ಆಗಬೇಕಾದರೆ ಸಂಜೆ ಒಂದು ಗಂಟೆ ಇನ್ನೊಬ್ಬರ ಕೈ ಬೇಕು. ಅದಕ್ಕೆ ಯಾರಾದರೂ ದುಡ್ಡು ಕೊಡಬೇಕು.

ಸ್ವೀಡನ್‌ನಲ್ಲಿ 1994ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ, ಹೆಚ್ಚು ನೆರವು ಬೇಕಾದವರಿಗೆ ಸಹಾಯಕರನ್ನು ಪಡೆಯುವುದು ಹಕ್ಕು. ಖರ್ಚು ಸರ್ಕಾರದ್ದು. ಯಾರು ಬರಬೇಕು, ಯಾವ ಹೊತ್ತಿಗೆ ಬರಬೇಕು ಎಂಬುದರಲ್ಲಿ ಆ ವ್ಯಕ್ತಿಯ ಮಾತು ನಡೆಯುತ್ತದೆ. ನಮ್ಮಲ್ಲಿ 2024-25ರ ರಾಜ್ಯ ಬಜೆಟ್‌ನಲ್ಲಿ ಆರೈಕೆ ಮಾಡುವವರಿಗೆ ತಿಂಗಳಿಗೆ 1,000 ರೂಪಾಯಿ ಭತ್ಯೆ ಘೋಷಣೆಯಾಯಿತು. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ. ಆರೈಕೆಯೂ ಒಂದು ಕೆಲಸ ಅಂತ ಸರ್ಕಾರ ಒಪ್ಪಿಕೊಂಡಿತು, ಅದು ದೊಡ್ಡದೇ. ಆದರೆ ಆ ಘೋಷಣೆಯಲ್ಲಿ ಮರದಿಂದ ಬಿದ್ದು ಬೆನ್ನುಹುರಿ ಮುರಿದವರ ಹೆಸರಿಲ್ಲ. ತಿಂಗಳಿಗೆ ಸಾವಿರ ಅಂದರೆ ದಿನಕ್ಕೆ ಮೂವತ್ತಮೂರು ರೂಪಾಯಿ. ತೋಟದ ಕೂಲಿ ಬಿಟ್ಟು ಅದಕ್ಕೆ ಯಾರು ಮನೆಯಲ್ಲಿ ಕೂರಲು ಸಾಧ್ಯ?

ಘಟ್ಟದ ಮೇಲಿನ ಹಳ್ಳಿಗಳಲ್ಲಿ ಈಗ ಇನ್ನೊಂದು ಬದಲಾವಣೆ ಆಗಿದೆ. ಮಕ್ಕಳೆಲ್ಲ ಬೆಂಗಳೂರಿನಲ್ಲಿ. ದೊಡ್ಡ ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ, ಅವರಲ್ಲೊಬ್ಬರಿಗೆ ಲಕ್ವ ಹೊಡೆದಿರುತ್ತದೆ. ತೀರ್ಮಾನಗಳು ಫೋನಿನಲ್ಲಿ ಆಗುತ್ತವೆ. ಸಿದ್ದಾಪುರ ಕಡೆಯ ಒಂದು ಮನೆಯಲ್ಲಿ ಮಂಚದ ನೇರಕ್ಕೆ ಕ್ಯಾಮೆರಾ ಹಾಕಿದ್ದನ್ನು ನೋಡಿದೆ. ಮಗ ಬೆಂಗಳೂರಿನಲ್ಲಿ ಆಫೀಸಿನಲ್ಲಿ ಕೂತೇ ಅಪ್ಪ ಮಾತ್ರೆ ನುಂಗಿದರೋ ಇಲ್ಲವೋ ನೋಡುತ್ತಾನೆ. ಅವನ ಕಾಳಜಿ ನಿಜವಾದದ್ದು. ಆದರೆ ಆ ಹಿರಿಯರಿಗೆ ಪಂಚೆ ಬದಲಿಸುವಾಗ ಅದು ನೆನಪಾಗುತ್ತದಂತೆ. ಹೆಂಡತಿ ಬಂದು ಕ್ಯಾಮೆರಾದ ಮೇಲೊಂದು ಟವೆಲ್ ಹಾಕುತ್ತಾರೆ. ಐದು ನಿಮಿಷಕ್ಕೆ ಬೆಂಗಳೂರಿನಿಂದ ಫೋನು: ಏನಾಯ್ತು, ಯಾಕೆ ಕಾಣ್ತಾ ಇಲ್ಲ? ಕ್ಯಾಮೆರಾವನ್ನು ಜಗಲಿಗೋ ಅಡುಗೆಮನೆ ಬಾಗಿಲಿಗೋ ತಿರುಗಿಸಿ ಹಾಕಬಹುದಿತ್ತು. ದಿನಕ್ಕೆ ಎರಡು ಹೊತ್ತು ಮಾತ್ರ ಆನ್ ಮಾಡಬಹುದಿತ್ತು. ಅಪ್ಪನನ್ನೇ ಕೇಳಬಹುದಿತ್ತು. ಅವರ ಮಾತು ಸ್ವಲ್ಪ ತೊದಲುತ್ತದೆ. ಬುದ್ಧಿಗೆ ಏನೂ ಆಗಿಲ್ಲ.

ಆಸ್ತಿ ಪಾಲಾಗುವ ಹೊತ್ತಿನಲ್ಲಿ ಇದು ಇನ್ನೂ ಬಿಗಿಯಾಗುತ್ತದೆ. ಅಪ್ಪ ಅಮ್ಮ ಹೋದ ಮೇಲೆ ಅಂಗವಿಕಲ ತಮ್ಮನೋ ತಂಗಿಯೋ ಆರು ತಿಂಗಳು ಒಬ್ಬರ ಮನೆ, ಆರು ತಿಂಗಳು ಇನ್ನೊಬ್ಬರ ಮನೆ. ಯಾರ ಮನೆಯಲ್ಲಿ ಇರಲು ಇಷ್ಟ ಅಂತ ಕೇಳಿದವರನ್ನು ನಾನು ನೋಡಿದ್ದು ಕಡಿಮೆ. "ನಾವು ನೋಡ್ಕಳ್ತೇವಲ್ಲ" ಅಂತ ಹೇಳಿ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಇಲ್ಲಿ ಕಾನೂನು ಅನುಮಾನಕ್ಕೆ ಎಡೆ ಬಿಟ್ಟಿಲ್ಲ. ಕಾಯಿಲೆ, ಅಂಗವೈಕಲ್ಯದ ಕಾರಣಕ್ಕೆ ಯಾರ ಪಾಲೂ ತಪ್ಪುವುದಿಲ್ಲ ಅಂತ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಸೆಕ್ಷನ್ ಹೇಳುತ್ತದೆ. 2016ರ ಕಾಯ್ದೆಯ 13ನೇ ಸೆಕ್ಷನ್ ಇನ್ನೂ ಮುಂದೆ ಹೋಗುತ್ತದೆ. ಆಸ್ತಿ ಹೊಂದುವುದು, ದುಡ್ಡಿನ ವ್ಯವಹಾರ ಮಾಡುವುದು ಅಂಗವಿಕಲರ ಹಕ್ಕು. ನೆರವು ಕೊಡುವವರಿಗೇ ಆ ವ್ಯವಹಾರದಲ್ಲಿ ಲಾಭ ಇದ್ದರೆ ಅವರು ಆ ವಿಷಯದಲ್ಲಿ ದೂರ ಇರಬೇಕು. ನೆರವು ಕೊಡುವವರು ಸರಿಬರದಿದ್ದರೆ ಬಿಟ್ಟು ಬೇರೆಯವರನ್ನು ಆರಿಸಿಕೊಳ್ಳಬಹುದು. ಅಣ್ಣನೇ ಪತ್ರ ಬರೆಸಿ, ಅಣ್ಣನೇ ಓದಿ ಹೇಳಿ, ಅಣ್ಣನೇ ಹೆಬ್ಬೆಟ್ಟು ಹಿಡಿದು ಒತ್ತಿಸುವ ಪದ್ಧತಿಗೆ ಇದು ನೇರ ಅಡ್ಡ ನಿಲ್ಲುತ್ತದೆ.

ಇಲ್ಲೊಂದು ಪ್ರಶ್ನೆ ಬಂದೇ ಬರುತ್ತದೆ. ಬುದ್ಧಿ ಬೆಳವಣಿಗೆ ಕಡಿಮೆ ಇರುವವರಿಗೆ ಆಯ್ಕೆ ಅಂದರೇನು? ಅವರಿಗೆ ಏನು ತಿಳಿಯುತ್ತದೆ? 2009ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಚಂಡೀಗಢದ ಒಬ್ಬ ಹೆಣ್ಣುಮಗಳ ವಿಷಯ ಬಂತು. ಬುದ್ಧಿ ಬೆಳವಣಿಗೆ ಕಡಿಮೆ ಇದ್ದವಳು, ಸರ್ಕಾರಿ ಆಶ್ರಯದಲ್ಲಿದ್ದವಳು, ಅತ್ಯಾಚಾರದಿಂದ ಗರ್ಭಿಣಿಯಾಗಿದ್ದಳು. ಗರ್ಭಪಾತ ಮಾಡಿಸಿ ಅಂತ ಹೈಕೋರ್ಟ್ ಹೇಳಿತ್ತು. ಅವಳಿಗೆ ಮಗು ಬೇಕಿತ್ತು. ಅವಳ ಒಪ್ಪಿಗೆ ಇಲ್ಲದೆ ಮಾಡುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅಷ್ಟು ದೊಡ್ಡ ವಿಷಯದಲ್ಲೇ ಅವಳ ಮಾತು ಕೇಳಬೇಕು ಅಂತಾದರೆ ದೋಸೆಗೆ ಬೆಲ್ಲವೋ ಚಟ್ನಿಯೋ, ಯಾವ ಅಂಗಿ, ಯಾರ ಪಕ್ಕ ಮಲಗಬೇಕು ಎಂಬುದನ್ನು ಕೇಳಲು ನಮಗೇನು ತಡೆ? 2016ರ ಕಾಯ್ದೆಯ 14ನೇ ಸೆಕ್ಷನ್‌ನ ಸೀಮಿತ ಪೋಷಕತ್ವವೂ ಇದೇ ಜಾಡಿನದು. ಪೋಷಕರು ಮತ್ತು ಆ ವ್ಯಕ್ತಿ ಸೇರಿ ತೀರ್ಮಾನ ಮಾಡಬೇಕು. ಅದು ಒಂದು ವಿಷಯಕ್ಕೆ, ಒಂದು ಅವಧಿಗೆ ಮಾತ್ರ. ಆ ವ್ಯಕ್ತಿಯ ಇಷ್ಟದ ಪ್ರಕಾರವೇ ನಡೆಯಬೇಕು. ಪೂರ್ತಿ ನೆರವು ಬೇಕಾದವರಿಗೆ ಬೇರೆ ಅವಕಾಶ ಇದೆ. ಮಾತು ಬರದವರೂ ಮುಖ ತಿರುಗಿಸಿ, ತಟ್ಟೆ ದೂಡಿ, ಕೈ ಹಿಡಿದೆಳೆದು ಹೇಳುತ್ತಾರೆ. ತಾಯಂದಿರಿಗೆ ಇದು ಎಲ್ಲರಿಗಿಂತ ಚೆನ್ನಾಗಿ ಗೊತ್ತು.

ಇನ್ನು ಮನೆಯ ಕಟ್ಟಡ. ಆಯ್ಕೆ ಅನ್ನುವುದು ಎಷ್ಟೋ ಸಲ ಇಂಚಿನ ಲೆಕ್ಕ. ಕೊನೆಗೌಡರ ಮನೆಯ ಬಚ್ಚಲ ಬಾಗಿಲು 24 ಇಂಚು. ವೀಲ್‌ಚೇರ್ 26 ಇಂಚು. ಆ ಎರಡು ಇಂಚಿಗಾಗಿ ಅವರನ್ನು ಎತ್ತಿಕೊಂಡು ಹೋಗಬೇಕು, ಎತ್ತುವವರ ಹೊತ್ತಿಗೆ ಕಾಯಬೇಕು. ಜಗಲಿ ಅಂಗಳದಿಂದ ಎರಡು ಅಡಿ ಎತ್ತರ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ರ‍್ಯಾಂಪ್ ಬೇಕು ಎಂಬುದು ಲೆಕ್ಕ. ಹಾಗಾದರೆ 24 ಅಡಿ. ನಮ್ಮ ಅಂಗಳಗಳಲ್ಲಿ ಅಷ್ಟು ಜಾಗ ಸಿಕ್ಕರೂ ಜೂನ್‌ನಲ್ಲಿ ಅದರ ಮೇಲೆ ಹಾವಸೆ ಕಟ್ಟುತ್ತದೆ. ಕಾಲು ಜಾರದಿರಲಿ ಅಂತ ನಾವು ಹಾಸುವ ಅಡಿಕೆ ದಬ್ಬೆಯ ಮೇಲೆ ಚಕ್ರ ಉರುಳುವುದಿಲ್ಲ. ವಸತಿ ಯೋಜನೆಗಳಲ್ಲಿ ಅಂಗವಿಕಲರಿಗೆ ಶೇ 5ರಷ್ಟು ಮೀಸಲು ಅಂತ ಕಾಯ್ದೆಯಲ್ಲಿದೆ. ಆದರೆ ಮನೆ ಮಂಜೂರಾದ ಮೇಲೆ ಅದಕ್ಕೆ ಎಲ್ಲರ ಮನೆಯಂತೆ ಮೂರು ಮೆಟ್ಟಿಲು, ಇಕ್ಕಟ್ಟಿನ ಶೌಚಾಲಯವೇ ಇದ್ದರೆ ಆ ಮೀಸಲಾತಿಯಿಂದ ಸಿಗುವುದು ಸೂರು ಮಾತ್ರ.

ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರಿಗಾಗಿ ತೆಗೆದಿಡಬೇಕಾದ ಶೇ 5ರ ಹಣ ಇದೆ. ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ, ಜನ ವಿಆರ್‌ಡಬ್ಲ್ಯು ಅನ್ನುತ್ತಾರಲ್ಲ, ಅವರು. ಇವರೂ ಅಂಗವಿಕಲರೇ, ಗೌರವಧನಕ್ಕೆ ದುಡಿಯುವವರು, ಹಳ್ಳಿಯ ಒಳಗುಟ್ಟು ಗೊತ್ತಿರುವವರು. ಈ ಹಣ ಬಹಳ ಕಡೆ ಎಲ್ಲರಿಗೂ ಒಂದೇ ಥರದ ಸಾಮಾನು ಕೊಟ್ಟು ಮುಗಿದುಹೋಗುತ್ತದೆ. ಪ್ರತಿ ಮನೆಗೆ ಹೋಗಿ ನಿಮಗೇನು ಬೇಕು ಅಂತ ಕೇಳಿದರೆ ಪಟ್ಟಿ ಬೇರೆಯೇ ಆದೀತು.

ಕೊನೆಗೌಡರ ಅರ್ಜಿಯನ್ನು ಮೊದಲು ಬರೆದಾಗ ಅದರಲ್ಲಿ ಮಂಚ, ಹಾಸಿಗೆ ಅಂತಿತ್ತು. ಬರೆದವರು ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದರು. ಓದಿ ಹೇಳಿದಾಗ ಅವರು ಬೇಡ ಅಂದರು. ಈಗಿನ ಅರ್ಜಿಯಲ್ಲಿ ಇರುವುದು ಇಷ್ಟು: ಬಚ್ಚಲ ಬಾಗಿಲು 36 ಇಂಚು ಆಗಬೇಕು. ಜಗಲಿಯಿಂದ ಅಂಗಳಕ್ಕೆ ರ‍್ಯಾಂಪು, ಅದರ ಮೇಲೆ ಮಳೆ ಬೀಳದ ಹಾಗೆ ಶೀಟು. ಬಚ್ಚಲ ಗೋಡೆಗೆ ಹಿಡಿದುಕೊಳ್ಳಲು ಕಬ್ಬಿಣದ ಸರಳು, ಎತ್ತರ ಎಷ್ಟಿರಬೇಕು ಅಂತ ಅವರೇ ಕೂತು ಗೋಡೆಗೆ ಇದ್ದಿಲಿನಲ್ಲಿ ಗೆರೆ ಎಳೆದಿದ್ದಾರೆ. ಸಂಜೆ ಒಂದು ಗಂಟೆ ನೆರವಿಗೆ ಪಕ್ಕದ ಮನೆಯ ಹುಡುಗ ಬರುತ್ತಾನೆ, ಅವನಿಗೆ ತಿಂಗಳಿಗೆ ಏನಾದರೂ ಕೊಡಲು ದಾರಿ ಇದೆಯಾ ಅಂತ ಕೊನೆಯ ಸಾಲು.

ವೀಲ್‌ಚೇರ್ ಅಟ್ಟದಿಂದ ಇಳಿದಿದೆ. ಸೌದೆ ಹಿತ್ತಲಿಗೆ ಹೋಗಿದೆ. ಅರ್ಜಿಯನ್ನು ವಿಕಲಚೇತನರ ವಿಶೇಷ ಗ್ರಾಮಸಭೆಯಲ್ಲಿ ಓದುತ್ತಾರಂತೆ. ಓದುವಾಗ ತಾನು ಅಲ್ಲಿರಬೇಕು ಅಂತ ಅವರ ಹಟ. ಹೆಂಡತಿ ಅವತ್ತು ಕೂಲಿಗೆ ಹೋಗುವುದಿಲ್ಲ. ಬೆಳಿಗ್ಗೆ ಹತ್ತಕ್ಕೆ ಬರಲು ಜೀಪಿನವನಿಗೆ ಹೇಳಿಯಾಗಿದೆ.